ಏಲಿಯನ್‌ಗೆ ಅಪ್ಪ ಬೇಡ

ಇಂಟರ್ನಲ್ಸ್ ಮುಗಿದ ರಾತ್ರಿ ನಮ್ಮ ಹಾಸ್ಟೆಲ್ಲಿನ ಕಾಮನ್ ರೂಮಲ್ಲಿ ಹನ್ನೊಂದು ಜನ ಸೇರಿಕೊಂಡು 1979ರ 'ಏಲಿಯನ್' ಸಿನಿಮಾ ನೋಡಿದ್ವಿ. ಅರ್ಧ ಜನ ಮೊದಲ ಸಲ ನೋಡ್ತಿದ್ರು. ಊಟದ ಟೇಬಲ್ ಸೀನಲ್ಲಿ ಕೇನ್ ಎದೆ ಒಡೆದು ಆ ಮರಿ ಹೊರಗೆ ತಲೆ ಹಾಕಿದಾಗ, ಸಿವಿಲ್ ಬ್ರಾಂಚಿನ ಗೆಳೆಯ ಮ್ಯಾಗಿ ಬಟ್ಟಲು ಕೆಳಗಿಟ್ಟವನು ಮತ್ತೆ ಮುಟ್ಟಲಿಲ್ಲ. ಸಿನಿಮಾ ಮುಗಿದ ಮೇಲೆ ಅವನೇ ಕೇಳಿದ: "ಅದೆಲ್ಲಾ ಸರಿ ಮಗಾ, ಇದನ್ನ ಮಾಡಿದ್ದು ಯಾರು?" ಇನ್ನೊಬ್ಬ ತಕ್ಷಣ, "ಅದಕ್ಕೆ 'ಪ್ರಮೀಥಿಯಸ್' ನೋಡ್ಬೇಕು, ಅದರಲ್ಲಿ ಎಲ್ಲಾ ಎಕ್ಸ್‌ಪ್ಲೇನ್ ಮಾಡಿದ್ದಾರೆ" ಅಂದ. ನಾನು ಬೇಡ ಅಂದೆ. ರಾತ್ರಿ ಎರಡು ಗಂಟೆವರೆಗೆ ಜಗಳ ಆಯ್ತು. ಕೊನೆಗೆ ಕೈ ಎತ್ತಿಸಿದ್ರು, ನಾನು ಸೋತೆ, ಮುಂದಿನ ಶನಿವಾರ 'ಪ್ರಮೀಥಿಯಸ್' ಹಾಕಿದ್ರು. ಅವತ್ತು ಸರಿಯಾಗಿ ಹೇಳೋಕೆ ಆಗದೆ ಹೋದದ್ದನ್ನ ಇಲ್ಲಿ ಬರೀತಿದ್ದೀನಿ. (ಸಿನಿಮಾ ನಮ್ಮಪ್ಪ ಹುಟ್ಟಿದ ವರ್ಷದ್ದು. ಸ್ಪಾಯ್ಲರ್ ಕೊಟ್ಟೆ ಅಂತ ಯಾರೂ ಬೈಬೇಡಿ.)

ನನ್ನ ವಾದ ಇಷ್ಟೇ. ಆ ಪ್ರಾಣಿಯನ್ನ ಯಾರೋ ಒಬ್ಬ ಕೂತು ಡಿಸೈನ್ ಮಾಡಿದ ಅಂತ ಯಾವಾಗ ಹೇಳಿದ್ರೋ, ಅವತ್ತೇ ಅದು ಸತ್ತುಹೋಯ್ತು. ಯಾಕಂದ್ರೆ ಅಂಥ ಪ್ರಾಣಿಯನ್ನ ಯಾರೂ ಒಬ್ಬರೇ ಮಾಡಿಲ್ಲ. ಪ್ರಕೃತಿಯಲ್ಲೂ ಮಾಡಿಲ್ಲ, ಸಿನಿಮಾ ಸ್ಟುಡಿಯೋದಲ್ಲೂ ಮಾಡಿಲ್ಲ.

ಮೊದಲು ಪ್ರಾಣಿಯ ಕಥೆ. ನೋಸ್ಟ್ರೋಮೋ ಅನ್ನೋ ಸರಕು ಎಳೆಯುವ ಹಡಗು, ಅದರಲ್ಲಿ ಏಳು ಜನ, ಒಂದು ಬೆಕ್ಕು. ಒಂದು ಪಾಳು ಜಾಗದಲ್ಲಿ ಚರ್ಮದಂಥ ಮೊಟ್ಟೆಗಳು ಸಿಗ್ತವೆ. ಕೇನ್ ಬಗ್ಗಿ ನೋಡ್ತಾನೆ. ಮೊಟ್ಟೆಯಿಂದ ಜೇಡದ ಥರದ್ದೊಂದು ಹಾರಿ ಅವನ ಮುಖಕ್ಕೆ ಅಂಟಿಕೊಳ್ಳುತ್ತೆ, ಬಾಲವನ್ನ ಕುತ್ತಿಗೆಗೆ ಸುತ್ತುತ್ತೆ. ಅವನನ್ನ ಕೊಲ್ಲಲ್ಲ. ಬದಲಿಗೆ ಉಸಿರಾಟ ನಡೆಸಿಕೊಂಡು ಜೀವಂತ ಇಟ್ಟಿರುತ್ತೆ. ಗಂಟಲ ಮೂಲಕ ಒಳಗೆ ಏನೋ ಇಟ್ಟು, ತಾನೇ ಕಳಚಿಕೊಂಡು ಸಾಯುತ್ತೆ. ಕೇನ್ ಎದ್ದು ಕೂರ್ತಾನೆ, ಹಸಿವು ಅಂತಾನೆ, ಎಲ್ಲರ ಜೊತೆ ಊಟಕ್ಕೆ ಕೂರ್ತಾನೆ. ಆಮೇಲಿನದ್ದು ಗೊತ್ತಲ್ಲ.

ಜನ ಇದನ್ನ ಪ್ಯಾರಾಸೈಟ್ ಅಂತಾರೆ. ಸರಿಯಾಗಿ ಹೇಳಬೇಕಂದ್ರೆ ಅಲ್ಲ. ಪ್ಯಾರಾಸೈಟ್, ಅಂದ್ರೆ ಪರಾವಲಂಬಿ, ಸಾಮಾನ್ಯವಾಗಿ ಬಾಡಿಗೆ ಮನೆಯನ್ನ ಕೆಡವಲ್ಲ. ತಲೆಯ ಹೇನು, ಹೊಟ್ಟೆಯ ಜಂತುಹುಳು ನೋಡಿ. ನಾವು ಸತ್ರೆ ಅವಕ್ಕೂ ನಷ್ಟ. ಇನ್ನೊಂದು ಜಾತಿ ಇದೆ, ಬೆಳೆಯೋವರೆಗೆ ಆತಿಥೇಯ ಜೀವಿ ಬದುಕಿರಬೇಕು, ಬೆಳೆದ ಮೇಲೆ ಅದು ಸಾಯಲೇಬೇಕು. ಇದಕ್ಕೆ ಪ್ಯಾರಾಸಿಟಾಯ್ಡ್ ಅಂತಾರೆ. ಓ. ಎಂ. ರಾಯ್ಟರ್ ಅನ್ನೋ ವಿಜ್ಞಾನಿ 1913ರಲ್ಲಿ ಈ ಪದ ತಂದದ್ದು. ಕನ್ನಡದಲ್ಲಿ ಏನಂತಾರೆ ಅಂತ ನನಗೆ ಗೊತ್ತಿರಲಿಲ್ಲ, ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಉತ್ತರ ನಮ್ಮ ತಾತನ ತೋಟದಲ್ಲಿತ್ತು.

ತಾತಂದು ತೆಂಗಿನ ತೋಟ. ಕೆಲವು ವರ್ಷ ತೆಂಗಿಗೆ ಕಪ್ಪುತಲೆ ಹುಳ ಬೀಳುತ್ತೆ. ಗರಿಯ ಹಸಿರನ್ನೆಲ್ಲಾ ಕೆರೆದು ತಿಂದುಬಿಡುತ್ತೆ, ದೂರದಿಂದ ನೋಡಿದ್ರೆ ತೋಟಕ್ಕೆ ಬೆಂಕಿ ಬಿದ್ದ ಹಾಗೆ ಕಾಣುತ್ತೆ. ಅದಕ್ಕೆ ತಾತ ಇಲಾಖೆಯಿಂದ ಚಿಕ್ಕ ಚಿಕ್ಕ ಬಾಟಲಿ ತಂದು ಮರದ ಹತ್ರ ಬಿರಡೆ ತೆಗೆದು ಬಿಡ್ತಿದ್ರು. ಒಳಗಿಂದ ಇರುವೆಗಿಂತ ಸಣ್ಣ ಕಪ್ಪು ಹುಳಗಳು ಹೊರಟು ಹೋಗ್ತಿದ್ವು. ಚಿಕ್ಕವನಿದ್ದಾಗ ಇದನ್ನ ಎಷ್ಟು ಸಲ ನೋಡಿದ್ದೀನೋ. ಏನಿದು ಅಂದ್ರೆ ತಾತ "ಒಳ್ಳೇ ಹುಳ ಕಣೋ" ಅಂತ ಮುಗಿಸಿಬಿಡೋರು. ಜೊತೆಗೆ ಕೊಟ್ಟ ಚೀಟಿಯಲ್ಲಿ 'ಪರತಂತ್ರ ಜೀವಿ' ಅಂತ ಇತ್ತು. ಈಗ ಗೊತ್ತಾಗಿದೆ, ಅದು ಗೋನಿಯೋಜಸ್ ನೆಫಾಂಟಿಡಿಸ್ ಅನ್ನೋ ಪುಟಾಣಿ ಕಣಜ. ಗರಿಯ ಅಡಿಯಲ್ಲಿ ಬಲೆ ಕಟ್ಟಿಕೊಂಡು ಅಡಗಿರೋ ಹುಳವನ್ನ ಹುಡುಕಿ, ಕುಟುಕಿ, ಅಲ್ಲಾಡದ ಹಾಗೆ ಮಾಡಿ, ಅದರ ಮೈಮೇಲೆ ಮೊಟ್ಟೆ ಇಡುತ್ತೆ. ಮರಿಗಳು ಅದನ್ನ ಹೀರಿಕೊಂಡು ಬೆಳೀತವೆ. ಅಮ್ಮ ಕಣಜ ಪಕ್ಕದಲ್ಲೇ ಕಾವಲು ಕೂರುತ್ತೆ.

ಒಳಗಿಂದ ಒಡೆದು ಬರೋದೇ ಬೇಕು ಅಂದ್ರೆ ಅದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2008ರಲ್ಲಿ ಕೊಯಮತ್ತೂರು ಕಡೆ ಪಪ್ಪಾಯಿಗೆ ಹೊಸದೊಂದು ಹಿಟ್ಟುತಿಗಣೆ ಬಿತ್ತು, ಔಷಧಿ ಹೊಡೆದ್ರೂ ಬಗ್ಗಲಿಲ್ಲ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಬ್ಯೂರೋದವರು 2010ರಲ್ಲಿ ಪೋರ್ಟೋ ರಿಕೋದಿಂದ ಮೂರು ಜಾತಿಯ ಕಣಜ ತರಿಸಿದ್ರು. ಅದರಲ್ಲಿ ಅಸೆರೋಫೇಗಸ್ ಪಪಾಯೇ ಅನ್ನೋದು ಬಹಳ ಚೆನ್ನಾಗಿ ಕೆಲಸ ಮಾಡ್ತು. ತಿಗಣೆಯ ದೇಹದ ಒಳಗೆ ಮೊಟ್ಟೆ, ಒಳಗೇ ಮರಿ, ಕೊನೆಗೆ ಒಂದು ಗುಂಡಗಿನ ತೂತು ಕೊರೆದು ಹೊರಗೆ. ತಮಿಳುನಾಡು, ಕರ್ನಾಟಕದ ರೈತರ ಪಾಲಿಗೆ ಇವು ದೇವರ ಹಾಗೆ ಬಂದ ಏಲಿಯನ್‌ಗಳು. ಹಾರರ್ ಸಿನಿಮಾ ಅನ್ನೋದು ನೋಡ್ತಾ ಇರೋರು ತಿಗಣೆನಾ ರೈತನಾ ಅನ್ನೋದರ ಮೇಲಿದೆ.

ನಮ್ಮ ಹಿರಿಯರಿಗೂ ಇದು ಕಣ್ಣಿಗೆ ಬಿದ್ದಿತ್ತು. ಕೀಟ ಭ್ರಮರ ನ್ಯಾಯ ಅಂತ ಕೇಳಿರ್ತೀರ, ವೇದಾಂತದವರೂ ಹೇಳ್ತಾರೆ, ವಚನಗಳಲ್ಲೂ ಆ ಹೋಲಿಕೆ ಬರುತ್ತೆ. ಕಣಜ ಒಂದು ಹುಳವನ್ನ ಮಣ್ಣಿನ ಗೂಡಿಗೆ ತಂದು ಕೂಡಿಹಾಕುತ್ತೆ, ಹುಳ ಭಯದಿಂದ ಕಣಜವನ್ನೇ ಧ್ಯಾನಿಸ್ತಾ ಧ್ಯಾನಿಸ್ತಾ ತಾನೇ ಕಣಜ ಆಗಿಬಿಡುತ್ತೆ, ಹಾಗೇ ಭಕ್ತ ದೇವರೇ ಆಗ್ತಾನೆ ಅನ್ನೋದು ತಾತ್ಪರ್ಯ. ಗಮನಿಸಿದ್ದು ಸರಿಯಾಗೇ ಇದೆ. ಗೂಡಿಗೆ ಹೋದದ್ದು ಹುಳ, ಹೊರಗೆ ಬಂದದ್ದು ಕಣಜ. ಮಧ್ಯದಲ್ಲಿ ನಡೆದದ್ದು ಧ್ಯಾನ ಅಲ್ಲ, ಊಟ. (ಗೂಡು ಕಟ್ಟೋ ಕಣಜ ಪುಸ್ತಕದ ಲೆಕ್ಕದಲ್ಲಿ ಪ್ಯಾರಾಸಿಟಾಯ್ಡ್ ಅಲ್ಲ, ಒಂದು ಮರಿಗೆ ಹಲವು ಹುಳ ತಂದಿಡುತ್ತೆ. ಬಯೋಟೆಕ್ ಬ್ರಾಂಚಿನವರು ಮೆಸೇಜ್ ಹಾಕೋ ಮುಂಚೆ ನಾನೇ ಹೇಳಿಬಿಟ್ಟೆ.) ಕಾಣದೆ ಇರೋ ಮಧ್ಯದ ಭಾಗಕ್ಕೆ ಒಂದು ಒಳ್ಳೇ ಉದ್ದೇಶ ಹಚ್ಚೋದು ಮನುಷ್ಯನ ಹಳೇ ಅಭ್ಯಾಸ ಅನ್ಸುತ್ತೆ.

ಡಾರ್ವಿನ್‌ಗೆ ಆ ಉದ್ದೇಶ ಹಚ್ಚೋಕೆ ಆಗಲಿಲ್ಲ. 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಇದೇ ಜಾತಿಯ ಇಕ್ನ್ಯೂಮನ್ ಕಣಜಗಳ ಮಾತು ಬರುತ್ತೆ. ಕಂಬಳಿಹುಳದ ಜೀವಂತ ದೇಹದೊಳಗೆ ತಿಂದು ಬೆಳೆಯಲಿ ಅಂತಲೇ ಕರುಣಾಮಯಿ ದೇವರೊಬ್ಬ ಇವನ್ನ ಬೇಕೂಂತ ಸೃಷ್ಟಿಸಿದ ಅಂತ ನಂಬೋಕೆ ತನ್ನಿಂದ ಆಗ್ತಿಲ್ಲ ಅಂತ ಬರೀತಾನೆ. ನನಗೆ ಈ ಪತ್ರ ಇಷ್ಟ ಆಗೋದು, ಅವನು ಅಲ್ಲಿ ಗೆದ್ದವನ ಥರ ಮಾತಾಡಲ್ಲ. ಗೊಂದಲ ಇದೆ, ನೋವಿದೆ. ಡಿಸೈನರ್ ಇದ್ದಾನೆ ಅಂದ್ರೆ ಅವನು ಇದನ್ನೂ ಡಿಸೈನ್ ಮಾಡಿರಬೇಕಲ್ಲ? ಇಲ್ಲ ಅಂದ್ರೆ ಇಷ್ಟು ಅಚ್ಚುಕಟ್ಟು ಕ್ರೌರ್ಯ ತಾನಾಗೇ ಬಂತಾ?

ತಾನಾಗೇ ಬಂತು. ಬ್ರಾಕೊನಿಡ್ ಅನ್ನೋ ಕಣಜಗಳ ಒಂದು ಗುಂಪನ್ನ ನೋಡಿ. ಕಂಬಳಿಹುಳದೊಳಗೆ ಮೊಟ್ಟೆ ಇಟ್ರೆ ಅದರ ರಕ್ತಕಣಗಳು ಬಂದು ಮೊಟ್ಟೆಯನ್ನ ಸುತ್ತುವರಿದು ಉಸಿರುಗಟ್ಟಿಸಬೇಕು. ಆದ್ರೆ ಕಣಜ ಮೊಟ್ಟೆ ಜೊತೆ ವೈರಸ್ ಕಣಗಳನ್ನೂ ಚುಚ್ಚುತ್ತೆ, ಅವು ಹುಳದ ರೋಗನಿರೋಧಕ ವ್ಯವಸ್ಥೆಯನ್ನ ಮಲಗಿಸಿಬಿಡ್ತವೆ. ಆ ವೈರಸ್ ಎಲ್ಲಿಂದ ಬಂತು ಅಂದ್ರೆ, ಸುಮಾರು 10 ಕೋಟಿ ವರ್ಷ ಹಿಂದೆ ಯಾವುದೋ ಕಣಜಕ್ಕೆ ತಗುಲಿದ ಸೋಂಕು, ಅದರ ಡಿಎನ್‌ಎ ಒಳಗೇ ಸೇರಿಕೊಂಡು ಉಳಿದುಬಿಟ್ಟಿದೆ. ಅಂದ್ರೆ ಕಣಜದ ಅತ್ಯುತ್ತಮ ಆಯುಧ ಒಂದು ಕಾಲದಲ್ಲಿ ಅದರ ಕಾಯಿಲೆ. ಯಾವ ಡಿಸೈನರ್ ಹೀಗೆ ಯೋಚಿಸ್ತಾನೆ? ಇದು ಪ್ಲಾನ್ ಅಲ್ಲ, ತೇಪೆ. ತೇಪೆ ಮೇಲೆ ತೇಪೆ ಹಾಕಿ ಯಾವುದು ಹರಿಯಲಿಲ್ಲವೋ ಅದು ಉಳೀತು, ಅಷ್ಟೆ.

ಮಜಾ ಏನಂದ್ರೆ ಸಿನಿಮಾದ ಏಲಿಯನ್ ಹುಟ್ಟಿದ್ದೂ ಹೀಗೇ.

ಚಿತ್ರಕಥೆ ಬರೆದ ಡ್ಯಾನ್ ಓ'ಬ್ಯಾನನ್‌ಗೆ ಮೊದಲರ್ಧ ಸಿಕ್ಕಿತ್ತು, ಆಮೇಲೆ ಒಂದು ಕಡೆ ಸಿಕ್ಕಿಹಾಕಿಕೊಂಡ. ಪ್ರಾಣಿ ಹಡಗಿನೊಳಗೆ ಹೇಗೆ ಬರಬೇಕು? ಬಾಗಿಲಿಂದ ನುಗ್ಗಿದ್ರೆ ಮಾಮೂಲಿ. ಅವನ ಗೆಳೆಯ ರೊನಾಲ್ಡ್ ಶುಸೆಟ್ ಹೇಳಿದ್ದು, ಒಬ್ಬನ ಮುಖಕ್ಕೆ ಅಂಟಿಕೊಂಡು ಅವನೊಳಗೆ ಬೀಜ ಇಟ್ಟುಬಿಡಲಿ, ಅವರೇ ಎತ್ತಿಕೊಂಡು ಬರ್ತಾರೆ. ಆಯ್ತು, ಒಳಗೆ ಬಂತು. ಈಗ ಇನ್ನೊಂದು ಸಮಸ್ಯೆ: ಏಳು ಜನ ಸೇರಿ ಗನ್ ತಗೊಂಡು ಹೊಡೆದ್ರೆ ಹತ್ತು ನಿಮಿಷದಲ್ಲಿ ಸಿನಿಮಾ ಮುಗೀತು. ಅದಕ್ಕೆ ಚಿತ್ರಕಲಾವಿದ ರಾನ್ ಕಾಬ್ ಒಂದು ಉಪಾಯ ಕೊಟ್ಟ, ರಕ್ತ ಆಸಿಡ್ ಆಗಿರಲಿ. ಗಾಯ ಮಾಡಿದ್ರೆ ಹಡಗಿಗೇ ತೂತು. ಅಂದ್ರೆ ಇಡೀ ಲೋಕ ಮೆಚ್ಚಿಕೊಂಡ ಆ ಎರಡು ಲಕ್ಷಣಗಳು, ಮುಖಕ್ಕೆ ಅಂಟೋದು ಮತ್ತು ಆಸಿಡ್ ರಕ್ತ, ಎರಡೂ ಬಗ್ ಫಿಕ್ಸ್. ಡೆಮೊ ಹಿಂದಿನ ರಾತ್ರಿ ನಾವು ಕೋಡಲ್ಲಿ ಒಂದು ಇಫ್ ಕಂಡೀಷನ್ ತುರುಕ್ತೀವಲ್ಲ, ಅದೇ ಜಾತಿ.

ಮೈ ಕೊಟ್ಟಿದ್ದು ಎಚ್. ಆರ್. ಗೀಗರ್, ಸ್ವಿಟ್ಜರ್‌ಲ್ಯಾಂಡಿನ ಕಲಾವಿದ. ಅವನು 1976ರಲ್ಲೇ ಬರೆದಿದ್ದ 'ನೆಕ್ರೊನೊಮ್ IV' ಅನ್ನೋ ಚಿತ್ರ ನೋಡಿ ನಿರ್ದೇಶಕ ರಿಡ್ಲಿ ಸ್ಕಾಟ್ ಇದೇ ಬೇಕು ಅಂದ. ಆ ಚಿತ್ರ ಈ ಕಥೆಗೆ ಬರೆದದ್ದೇ ಅಲ್ಲ. ಪೈಪು, ಮೂಳೆ, ರಬ್ಬರು ಎಲ್ಲಾ ಸೇರಿ ಒಂದು ಮೈ, ಯಾವುದು ಯಂತ್ರ ಯಾವುದು ಮಾಂಸ ಅಂತ ಹೇಳೋಕಾಗಲ್ಲ. ಆಮೇಲೆ ಕಣ್ಣನ್ನೂ ತೆಗೆದುಬಿಟ್ರು. ನನ್ನ ಪ್ರಕಾರ ಇಡೀ ಡಿಸೈನಿನಲ್ಲಿ ಅದೇ ದೊಡ್ಡ ನಿರ್ಧಾರ. ಕಣ್ಣಿದ್ರೆ ನಮ್ಮನ್ನ ನೋಡ್ತಿದೆ ಅಂತ ಆಗುತ್ತೆ, ಸಿಟ್ಟೋ ದ್ವೇಷವೋ ಏನೋ ಒಂದು ಸಂಬಂಧ ಹುಟ್ಟುತ್ತೆ. ಕಣ್ಣಿಲ್ಲದ ಮುಖಕ್ಕೆ ನಮ್ಮ ಮೇಲೆ ಸಿಟ್ಟೂ ಇಲ್ಲ. ಒಳದವಡೆಯ ಯಂತ್ರ ಮಾಡಿದ್ದು ಇಟಲಿಯ ಕಾರ್ಲೋ ರಾಂಬಾಲ್ಡಿ. ಎದೆ ಒಡೆದು ಬರೋ ಮರಿ ಮಾಡಿದ್ದು ರೋಜರ್ ಡಿಕನ್. ಸತ್ತ ಫೇಸ್‌ಹಗ್ಗರನ್ನ ಕುಯ್ದು ನೋಡೋ ಸೀನಲ್ಲಿ ಒಳಗಿರೋದು ಚಿಪ್ಪುಮೀನು, ಕುರಿಯ ಮೂತ್ರಪಿಂಡ. ಮೊಟ್ಟೆಯೊಳಗೆ ಮಿಸುಕಾಡೋದು ಗ್ಲೌಸ್ ಹಾಕಿಕೊಂಡ ರಿಡ್ಲಿ ಸ್ಕಾಟ್‌ನ ಸ್ವಂತ ಕೈ! ಬೆಳೆದ ಏಲಿಯನ್ ಒಳಗಿದ್ದದ್ದು ಬೊಲಾಜಿ ಬಡೇಜೋ, ಲಂಡನ್ನಿನಲ್ಲಿ ಓದ್ತಿದ್ದ ನೈಜೀರಿಯಾದ ಹುಡುಗ, ಗ್ರಾಫಿಕ್ ಡಿಸೈನ್ ವಿದ್ಯಾರ್ಥಿ, ಎತ್ತರ ಆರು ಅಡಿ ಹತ್ತು ಇಂಚು. ಒಂದು ಪಬ್ಬಲ್ಲಿ ಯಾರೋ ನೋಡಿ ಕರೆದ್ರಂತೆ. ಆ ನಿಧಾನದ ಚಲನೆಗಾಗಿ ಅವನಿಗೆ ತಾಯ್ ಚಿ, ಮೈಮ್ ಕಲಿಸಿದ್ರು. ಆಮೇಲೆ ಅವನು ಇನ್ನೊಂದು ಸಿನಿಮಾ ಮಾಡಲೇ ಇಲ್ಲ.

ಲೆಕ್ಕ ಹಾಕಿ, ಎಷ್ಟು ಕೈ ಆಯ್ತು? ಇವರಲ್ಲಿ ಯಾರೂ ಪೂರ್ತಿ ಪ್ರಾಣಿಯನ್ನ ತಲೆಯಲ್ಲಿಟ್ಟುಕೊಂಡು ಶುರುಮಾಡಲಿಲ್ಲ.

ಹಾಗಂತ ಎಲ್ಲಾ ಸರಿಯಿದೆ ಅಂತ ಅಲ್ಲ. ನಮ್ಮ ಮೆಕ್ಯಾನಿಕಲ್ ಗೆಳೆಯರು ಅವತ್ತು ರಾತ್ರಿ ಎತ್ತಿದ ತಕರಾರುಗಳಲ್ಲಿ ಕೆಲವು ನ್ಯಾಯವಾದವೇ. ಎದೆಯಿಂದ ಬಂದಾಗ ಮರಿಯ ತೂಕ ಎರಡು ಕೆಜಿ ಅಂತಿಟ್ಟುಕೊಳ್ಳೋಣ. ಕೆಲವೇ ಗಂಟೆಯಲ್ಲಿ ಏಳಡಿ ಪ್ರಾಣಿ, ಕಮ್ಮಿ ಅಂದ್ರೂ ನೂರು ಕೆಜಿ. ಉಳಿದ ತೊಂಬತ್ತೆಂಟು ಕೆಜಿ ಎಲ್ಲಿಂದ ಬಂತು? ತಂಬಾಕಿನ ಗಿಡ ತಿನ್ನೋ ಹಾರ್ನ್‌ವರ್ಮ್ ಕಂಬಳಿಹುಳ ಸುಮಾರು 10,000 ಪಟ್ಟು ತೂಕ ಏರಿಸಿಕೊಳ್ಳುತ್ತೆ ನಿಜ, ಆದ್ರೆ ಅದಕ್ಕೆ ಮೂರು ವಾರದ ಹತ್ತಿರ ಬೇಕು, ಪ್ರತಿ ಕ್ಷಣ ಎಲೆ ಮೇಯ್ತಾನೇ ಇರುತ್ತೆ. ಏಲಿಯನ್ ಏನೂ ತಿಂದದ್ದನ್ನ ನಾವು ನೋಡಲ್ಲ. ಮಾಸ್ ಬ್ಯಾಲೆನ್ಸ್‌ನಲ್ಲಿ ಸೀದಾ ಫೇಲು. ಆಸಿಡ್ ವಿಷಯವೂ ಅಷ್ಟೆ. ಲೋಹದ ಜೊತೆ ರಿಯಾಕ್ಟ್ ಆಗ್ತಾ ಆಗ್ತಾ ಆಸಿಡ್ ಖರ್ಚಾಗುತ್ತೆ. ಒಂದು ಬೆರಳಿನ ಗಾಯದ ರಕ್ತ ಡೆಕ್ ಮೇಲೆ ಡೆಕ್ ಕೊರೆದುಕೊಂಡು ಹೋಗೋದು ಕಷ್ಟ. ಅದನ್ನ ಮೈಯಲ್ಲಿ ಇಟ್ಟುಕೊಳ್ಳೋದಾದ್ರೂ ಹೇಗೆ ಅಂತ ಒಬ್ಬ ಕೇಳಿದ, ಅದಕ್ಕೆ ನನ್ನ ಹತ್ರ ಉತ್ತರ ಇತ್ತು. ಬಾಂಬಾರ್ಡಿಯರ್ ಅನ್ನೋ ಜೀರುಂಡೆ ತನ್ನ ರಾಸಾಯನಿಕಗಳನ್ನ ಬೇರೆ ಬೇರೆ ಕೋಣೆಯಲ್ಲಿ ಇಟ್ಟುಕೊಂಡು, ಬೇಕಾದಾಗ ಬೆರೆಸಿ, ಕುದಿಯೋ ನೀರಿನಷ್ಟು ಬಿಸಿ ದ್ರವ ಚಿಮ್ಮುತ್ತೆ. ಅರಾಲ್ಡೈಟ್ ಎರಡು ಟ್ಯೂಬಲ್ಲಿ ಬರುತ್ತಲ್ಲ, ಹಾಗೆ. ಇನ್ನು ಬಾಯೊಳಗಿನ ಬಾಯಿಯನ್ನ ಎಲ್ಲರೂ ನಗಾಡ್ತಿದ್ರು. ಸಿನಿಮಾ ಬಂದು 28 ವರ್ಷದ ಮೇಲೆ, 2007ರಲ್ಲಿ, ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಅನ್ನೋ ವಿಜ್ಞಾನಿಗಳು ಮೋರೇ ಈಲ್ ಮೀನಿನ ಗಂಟಲಲ್ಲಿ ಎರಡನೇ ದವಡೆ ಇದೆ, ಅದು ಮುಂದಕ್ಕೆ ಚಾಚಿಕೊಂಡು ಬಂದು ಬೇಟೆಯನ್ನ ಒಳಗೆ ಎಳೆದುಕೊಳ್ಳುತ್ತೆ ಅಂತ ತೋರಿಸಿದ್ರು. ಸುಮ್ನೆ ನಗಬಾರದು.

ಆದ್ರೆ ನಿಜವಾದ ಕಷ್ಟದ ಪ್ರಶ್ನೆ ಬೇರೆ. ಪ್ಯಾರಾಸಿಟಾಯ್ಡ್‌ಗಳಲ್ಲಿ ಬಹಳಷ್ಟು ಹುಡುಗಾಟಕ್ಕೆ ಸಿಕ್ಕವರ ಮೇಲೆಲ್ಲಾ ಮೊಟ್ಟೆ ಇಡಲ್ಲ. ಆ ಪಪ್ಪಾಯಿ ಕಣಜವನ್ನ ಹೊಲಕ್ಕೆ ಬಿಡೋ ಧೈರ್ಯ ಬಂದದ್ದೇ ಅದು ಬೇರೆ ಹುಳಗಳ ತಂಟೆಗೆ ಹೋಗಲ್ಲ ಅಂತ ಖಾತ್ರಿ ಆದಮೇಲೆ. ಲಕ್ಷಾಂತರ ವರ್ಷ ಜೊತೆಯಲ್ಲೇ ಬೆಳೆದಿದ್ರೆ ತಾನೇ ಒಂದು ಜೀವಿಯ ರೋಗನಿರೋಧಕ ಶಕ್ತಿಯ ಬೀಗಕ್ಕೆ ಕೀಲಿಕೈ ಸಿಗೋದು? ಮನುಷ್ಯನನ್ನ ಯಾವತ್ತೂ ನೋಡಿರದ ಪ್ರಾಣಿ ಮೊದಲ ದಿನವೇ ಮನುಷ್ಯನೊಳಗೆ ಬೆಳೆಯುತ್ತೆ ಅಂದ್ರೆ, ಅದನ್ನ ಎಲ್ಲಾ ಜೀವಿಗಳ ಮೇಲೂ ನಡೆಯೋ ಆಯುಧವಾಗಿ ಯಾರೋ ಮಾಡಿರಲೇಬೇಕು. 'ಪ್ರಮೀಥಿಯಸ್' ಪಾರ್ಟಿಯವರ ಅತ್ಯುತ್ತಮ ವಾದ ಇದು. ಇದನ್ನ ಪೂರ್ತಿ ಒಡೆದು ಹಾಕೋಕೆ ನನ್ನ ಕೈಲಿ ಆಗಲ್ಲ, ಒಪ್ಕೋತೀನಿ. ಒಂದೇ ಮಾತು ಹೇಳಬಲ್ಲೆ. ಮೊದಲ ಸಿನಿಮಾದಲ್ಲಿ ಆ ಪಾಳು ಹಡಗಿನ ಕುರ್ಚಿಯಲ್ಲಿ ಕಲ್ಲಾಗಿ ಕೂತ ಒಂದು ದೈತ್ಯ ಇರುತ್ತೆ, ಪಕ್ಕೆಲುಬು ಹೊರಮುಖವಾಗಿ ಒಡೆದಿರುತ್ತೆ. ಅಂದ್ರೆ ಮನುಷ್ಯ ಮೊದಲನೆಯವನಲ್ಲ. ಈ ಪ್ರಾಣಿಗೆ ಒಂದು ಉದ್ದನೆಯ ಇತಿಹಾಸ ಇದೆ, ಎಷ್ಟೋ ಲೋಕದ ಎಷ್ಟೋ ಜೀವಿಗಳ ಮೇಲೆ ಪಳಗಿ ಬಂದಿದೆ ಅಂತ ಆ ಒಂದು ಶಾಟ್ ಹೇಳುತ್ತೆ. ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೆ. ಆ ಮೌನದಲ್ಲಿ ಕೋಟಿ ವರ್ಷ ಹಿಡಿಸುತ್ತೆ.

1986ರಲ್ಲಿ ಜೇಮ್ಸ್ ಕ್ಯಾಮರನ್ ರಾಣಿ ತಂದ, ಮೊಟ್ಟೆ ಇಡೋಕೆ. ಜೇನುಗೂಡಿನ ಲಾಜಿಕ್ಕು, ನನಗೆ ತೊಂದರೆ ಇಲ್ಲ. 1992ರ ಮೂರನೇ ಭಾಗದಲ್ಲಿ ನಾಯಿಯಿಂದ ಹುಟ್ಟಿದ್ದು ನಾಲ್ಕು ಕಾಲಲ್ಲಿ ಓಡುತ್ತೆ, ಆತಿಥೇಯನಿಂದಲೂ ಸ್ವಲ್ಪ ತಗೊಳ್ಳುತ್ತೆ ಅಂತ. ಅದೂ ಚೆನ್ನಾಗಿದೆ. ಇವೆಲ್ಲಾ ತೇಪೆಗಳೇ, ಪ್ರಾಣಿಯನ್ನ ಪ್ರಾಣಿಯಾಗೇ ಇಟ್ಟ ತೇಪೆಗಳು.

ಆಮೇಲೆ 2012ರಲ್ಲಿ ರಿಡ್ಲಿ ಸ್ಕಾಟ್ ವಾಪಸ್ ಬಂದು 'ಪ್ರಮೀಥಿಯಸ್' ಮಾಡಿದ. ಕುರ್ಚಿಯ ಆ ದೈತ್ಯ ಮೂಳೆ ಅಂದುಕೊಂಡಿದ್ದು ಬರೀ ಸೂಟು, ಒಳಗೆ ಬೆಳ್ಳಗಿನ ಗಟ್ಟಿಮುಟ್ಟು ಮನುಷ್ಯ. ಅವರ ಕುಲದ ಹೆಸರೇ ಇಂಜಿನಿಯರ್ಸ್. ನಮ್ಮ ಕಾಮನ್ ರೂಮಲ್ಲಿ ಆ ಪದ ಬಂದಾಗ ಶಿಳ್ಳೆ ಬಿತ್ತು, ಒಪ್ಕೋಬೇಕು. 2017ರ 'ಕವೆನೆಂಟ್'ನಲ್ಲಿ ಇನ್ನೂ ಮುಂದಕ್ಕೆ ಹೋದ. ಡೇವಿಡ್ ಅನ್ನೋ ಆಂಡ್ರಾಯ್ಡ್ ಒಬ್ಬನೇ ಕೂತು, ಸ್ಕೆಚ್ ಮಾಡಿ, ಪ್ರಯೋಗ ಮಾಡಿ, ಮನುಷ್ಯರ ಮೇಲಿನ ತಾತ್ಸಾರಕ್ಕೆ ಈ ಪ್ರಾಣಿಯನ್ನ ಪರ್ಫೆಕ್ಟ್ ಮಾಡ್ತಾನೆ. ನೋಡೋಕೆ ಸಿನಿಮಾ ಚೆಂದವೇ ಇದೆ. ಆದ್ರೆ ಭಯ ಎಲ್ಲಿ ಹೋಯ್ತು? ಈಗ ಪ್ರಾಣಿ ಎದುರು ಬಂದಾಗ ನನಗೆ ಅದರ ಹಿಂದೆ ಡೇವಿಡ್ ಮುಖ ಕಾಣುತ್ತೆ. ಅವನಿಗೆ ಕಾರಣ ಇದೆ, ಅಹಂಕಾರ ಇದೆ, ಅಪ್ಪನ ಮೇಲೆ ಸಿಟ್ಟಿದೆ. ಅವನ ಜೊತೆ ವಾದ ಮಾಡಬಹುದು, ಅವನನ್ನ ಬೈಬಹುದು, ದ್ವೇಷಿಸಬಹುದು. ಏಲಿಯನ್ ಅವನ ಸಬ್ಮಿಷನ್ ಆಗಿಹೋಯ್ತು.

ಮೊದಲ ಸಿನಿಮಾದಲ್ಲೂ ಒಬ್ಬ ಇದನ್ನ ಪರಿಪೂರ್ಣ ಜೀವಿ ಅಂತ ಹೊಗಳ್ತಾನೆ, ವಿಜ್ಞಾನಾಧಿಕಾರಿ ಆಶ್. ಅವನೂ ಆಂಡ್ರಾಯ್ಡ್, ಕಂಪನಿಯವನು. ಜನ ಸತ್ರೂ ಪರವಾಗಿಲ್ಲ ಪ್ರಾಣಿ ತನ್ನಿ ಅನ್ನೋ ಆರ್ಡರ್ ಅವನ ಹತ್ರ ಇರುತ್ತೆ. ಅವನ ಮಾತನ್ನ ಫ್ಯಾನ್‌ಗಳು ಪೋಸ್ಟರ್ ಮಾಡಿ ಗೋಡೆಗೆ ಹಾಕ್ತಾರೆ. ನನಗೆ ಅರ್ಥ ಆಗದ್ದು, ಇನ್ನೊಬ್ಬರ ಪಕ್ಕೆಲುಬಿಲ್ಲದೆ ಹುಟ್ಟೋಕೇ ಆಗದ ಜೀವಿ ಅದು ಹೇಗೆ ಪರಿಪೂರ್ಣ? ಅದರಷ್ಟು ಪರತಂತ್ರ ಜೀವಿ ಇನ್ನೊಂದಿಲ್ಲ. ಇಲಾಖೆಯ ಚೀಟಿಯಲ್ಲಿದ್ದ ಪದವೇ ಆಶ್ ಮಾತಿಗಿಂತ ಸರಿ.

ಇಷ್ಟು ತಲೆ ಯಾಕೆ ಕೆಡಿಸ್ಕೋತೀಯ, ಒಂದು ಸಿನಿಮಾ ತಾನೇ ಅಂತ ಗೆಳೆಯ ಕೇಳಿದ. ಅವತ್ತು ಹೇಳಲಿಲ್ಲ.

ಓ'ಬ್ಯಾನನ್‌ಗೆ ಕ್ರೋನ್ಸ್ ಅನ್ನೋ ಕಾಯಿಲೆ ಇತ್ತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳೋ ಕಾಯಿಲೆ. ಹೊಟ್ಟೆಯೊಳಗಿಂದ ಏನೋ ಹೊರಗೆ ಬರೋಕೆ ಒದ್ದಾಡೋ ಆ ಸೀನು ತನ್ನ ಹೊಟ್ಟೆನೋವಿನಿಂದಲೇ ಬಂತು ಅಂತ ಅವನೇ ಹೇಳಿಕೊಂಡಿದ್ದ. ಅದೇ ಕಾಯಿಲೆಯಿಂದ 2009ರಲ್ಲಿ ತೀರಿಕೊಂಡ. ಇದನ್ನ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ, ಯಾಕಂದ್ರೆ ನಮ್ಮ ಚಿಕ್ಕಮ್ಮನಿಗೂ ಅದೇ ಕಾಯಿಲೆ. ನಾನು ಎಂಟನೇ ಕ್ಲಾಸಲ್ಲಿದ್ದಾಗ ಗೊತ್ತಾಯ್ತು. ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ರು, ಇಂಥದ್ದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸೋ ಕಾಯಿಲೆ ಅಲ್ಲ ಇದು, ವಂಶವಾಹಿ, ರೋಗನಿರೋಧಕ ವ್ಯವಸ್ಥೆ, ಪರಿಸರ ಎಲ್ಲಾ ಕೂಡಿಕೊಂಡು ಬರುತ್ತೆ ಅಂತ.

ಮನೆಯವರಿಗೆ ಅದು ಸಾಕಾಗಲಿಲ್ಲ. ಯಾರ ಕಣ್ಣು ಬಿತ್ತೋ ಅಂದ್ರು. ನಾಗದೋಷ ಅಂದ್ರು, ಎರಡು ಕಡೆ ಹೋಗಿ ಶಾಂತಿ ಮಾಡಿಸಿದ್ರು. ಒಬ್ಬರು, ಬೆಂಗಳೂರಲ್ಲಿ ಕೆಲಸಕ್ಕೆ ಹೋಗಿ ಹೋಟೆಲ್ ಊಟ ಮಾಡಿದ್ದಕ್ಕೆ ಅಂದ್ರು. ಇನ್ನೊಬ್ಬರು ಚಿಕ್ಕಮ್ಮನ ಎದುರಿಗೇ, ಮದುವೆ ವಿಷಯದಲ್ಲಿ ದೊಡ್ಡವರ ಮಾತು ಕೇಳಿದ್ರೆ ಹೀಗಾಗ್ತಿರಲಿಲ್ಲ ಅಂದುಬಿಟ್ರು. ಎಲ್ಲರೂ ಪ್ರೀತಿಯಿಂದಲೇ ಹೇಳ್ತಿದ್ರು, ಅದು ನನಗೂ ಗೊತ್ತು. ಆದ್ರೆ ಪ್ರತಿಯೊಂದು ಕಾರಣವೂ ಸುತ್ತಿ ಬಳಸಿ ಕೊನೆಗೆ ಅವಳ ಮೇಲೇ ಬಂದು ಕೂರ್ತಿತ್ತು. ಕಾಯಿಲೆಗೆ ಒಬ್ಬ ಕರ್ತೃ ಬೇಕು ಅಂತ ಹುಡುಕೋಕೆ ಹೊರಟ್ರೆ, ಹತ್ತಿರದಲ್ಲಿ ಸಿಗೋದು ರೋಗಿನೇ ತಾನೇ. ಒಂದಿನ ಚಿಕ್ಕಮ್ಮ ಅಡುಗೆಮನೆಯಲ್ಲಿ ನನ್ನ ಹತ್ರ, "ಯಾರೂ ಏನೂ ಮಾಡಿಲ್ಲ ಕಣೋ, ಸುಮ್ನೆ ಬಂದಿದೆ ಅಂತ ಒಬ್ರಾದ್ರೂ ಹೇಳಬಾರದಾ" ಅಂದಿದ್ಳು.

ಅದಕ್ಕೇ ನನಗೆ ಮೊದಲ 'ಏಲಿಯನ್' ಇಷ್ಟ. ಅದು ಒಬ್ಬ ರೋಗಿ ಬರೆದ ಕಥೆ, ಅದರಲ್ಲಿ ಕೇನ್ ಯಾವ ತಪ್ಪೂ ಮಾಡಿಲ್ಲ, ಕುತೂಹಲದಿಂದ ಬಗ್ಗಿ ನೋಡಿದ ಅಷ್ಟೆ. ಯಾರೂ ಅವನನ್ನ ಆರಿಸಲಿಲ್ಲ. ಪ್ರಾಣಿಗೆ ಒಂದು ಎದೆ ಬೇಕಿತ್ತು, ಹತ್ತಿರ ಇದ್ದದ್ದು ಅವನದು.

ಈ ರಜೆಗೆ ಊರಿಗೆ ಹೋದಾಗ ಲ್ಯಾಪ್‌ಟಾಪಲ್ಲಿ ಚಿಕ್ಕಮ್ಮನಿಗೆ ಸಿನಿಮಾ ತೋರಿಸಿದೆ. ಅಮ್ಮ ಬೈದ್ರು, ಅವಳಿಗೆ ಇಂಥದ್ದೆಲ್ಲಾ ತೋರಿಸ್ತಾರೇನೋ ಅಂತ. ಊಟದ ಸೀನಿಗೆ ಚಿಕ್ಕಮ್ಮ ಕಣ್ಣು ಮುಚ್ಚಲಿಲ್ಲ, ಗಲ್ಲಕ್ಕೆ ಕೈ ಕೊಟ್ಟು ನೋಡಿ, "ಸರಿಯಾಗೇ ಮಾಡಿದ್ದಾನೆ" ಅಂದ್ಳು. ಆಮೇಲೆ ಮಾತ್ರೆ ಟೈಮ್ ಆಯ್ತು ಅಂತ ಮಧ್ಯದಲ್ಲೇ ಎದ್ದು ಹೋದ್ಳು. ಬರೋದ್ರೊಳಗೆ ನಾನು ಕೊನೆವರೆಗೆ ನೋಡಿ ಮುಗಿಸಿದ್ದೆ. ಪ್ರಾಣಿ ಎಲ್ಲಿಂದ ಬಂತು, ಯಾರು ಮಾಡಿದ್ದು ಅಂತ ಅವಳು ಕೇಳಲಿಲ್ಲ. ಬಾಗಿಲಲ್ಲೇ ನಿಂತು, "ಬೆಕ್ಕು ಉಳೀತೇನೋ?" ಅಂದ್ಳು.

ಉಳೀತು ಚಿಕ್ಕಮ್ಮ, ಅಂದೆ.